ಮಾತು ಕಳಕೊಂಡವರಿಗೆ ಸ್ವರದ ಸಹಾಯ

ಅರಸನಾದ ಸೌಲನಿಗೆ ಮನೋವ್ಯಥೆ ಉಂಟಾದಾಗ ದಾವೀದನು ಕಿನ್ನರಿ ನುಡಿಸಿದನೆಂಬ ವೃತ್ತಾಂತವು ಆದಿತ್ಯವಾರದ ಶಾಲೆಯ ಮಕ್ಕಳಿಗೂ ತಿಳಿದದ್ದೇ. ಆದರೆ ನಾವು ಲಕ್ಷ್ಯವಿಡದೆ ಓದಿಬಿಡುವ ಎರಡು ಸಂಗತಿಗಳು ಅದರಲ್ಲಿವೆ. ಸೌಲನ ಸೇವಕರು ಯಾವನಾದರೊಬ್ಬ ಗಾಯಕನನ್ನು ಕರೆಯಿರೆಂದು ಹೇಳದೆ, ನುಡಿಸುವದರಲ್ಲಿ ನಿಪುಣನಾದವನನ್ನು ಹುಡುಕಬೇಕೆಂದರು. ಇದಲ್ಲದೆ, ಮೊದಲು ಆ ಕಿನ್ನರಿಯಿಂದ ಉಪಶಮನ ಹೊಂದಿದ ಅರಸನೇ ಮುಂದೊಂದು ದಿನ ಅದನ್ನು ಕೇಳುತ್ತಿರುವಾಗ ನುಡಿಸುವವನ ಮೇಲೆ ಈಟಿಯನ್ನೆಸೆದನು. ಹೀಗಿರಲಾಗಿ ಸಂಗೀತವು ಎಲ್ಲರಿಗೂ ಎಲ್ಲಾ ಕಾಲದಲ್ಲಿಯೂ ಒಂದೇ ಗುಣವನ್ನು ಕೊಡುವ ಔಷಧವೆಂದು ನೆನಸುವದಕ್ಕೆ ಆಸ್ಪದವಿಲ್ಲ.

ಈ ಕಾಲದ ಆಸ್ಪತ್ರೆಗಳಲ್ಲಿ ಸಂಗೀತ ಚಿಕಿತ್ಸೆ ಎಂಬ ಹೆಸರಿನಿಂದ ನಡೆಯುವ ಕೆಲಸವನ್ನು ವಿಚಾರಿಸುವಾಗ ಇವೆರಡನ್ನೂ ನೆನಪಿನಲ್ಲಿಡುವದು ಒಳ್ಳೇದು. ರೋಗಿಯ ಬಳಿಯಲ್ಲಿ ಒಂದು ರೇಡಿಯೋವನ್ನಿಟ್ಟು ಹೋಗುವದು ಚಿಕಿತ್ಸೆಯಲ್ಲ. ಶಿಕ್ಷಣ ಹೊಂದಿದವನು ರೋಗಿಯ ಕೊರತೆ ಯಾವದೆಂದು ಮೊದಲು ಪರೀಕ್ಷಿಸುತ್ತಾನೆ. ಅದಕ್ಕೆ ತಾಳವು ಬೇಕೋ, ಸ್ವರವು ಬೇಕೋ, ಪರಿಚಿತವಾದ ಹಾಡು ಬೇಕೋ ಎಂದು ಆರಿಸುತ್ತಾನೆ. ಗುಣವು ಕಂಡಿತೋ ಇಲ್ಲವೋ ಎಂಬದನ್ನು ಬರೆದಿಟ್ಟುಕೊಳ್ಳುತ್ತಾನೆ. ಇದಕ್ಕೆಂದೇ ಪದವಿಯ ಶಿಕ್ಷಣವು 1944ನೇ ಇಸವಿಯಲ್ಲಿ ಅಮೇರಿಕಾದ ಮಿಶಿಗನ್ ಪ್ರಾಂತದಲ್ಲಿ ಆರಂಭವಾಯಿತು. ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗಳು ಇಂಥ ಕೆಲಸದವರನ್ನು ಬಯಸುತ್ತಿದ್ದ ಕಾಲವದು.

ಎಲ್ಲಾದಕ್ಕಿಂತಲೂ ಆಶ್ಚರ್ಯವಾದದ್ದು ಮಾತು ಹೋದವರ ವಿಷಯ. 18ನೇ ಶತಮಾನದ ಪೂರ್ವಾರ್ಧದಲ್ಲಿ ಸ್ವೀಡನ್ ದೇಶದ ಓಲೋಫ್ ದಾಲಿನ್ ಎಂಬವರು ಒಬ್ಬಾನೊಬ್ಬ ಒಕ್ಕಲಿನ ಮಗನ ಸ್ಥಿತಿಯನ್ನು ಬರೆದಿಟ್ಟರು. ಒಂದು ಘೋರವಾದ ರೋಗದಿಂದ ಅವನ ಬಲಭಾಗವೆಲ್ಲಾ ಬಿದ್ದುಹೋಗಿ ಮಾತು ನಿಂತಿತು. ಹೌದೆಂಬ ಒಂದು ಶಬ್ದದ ಹೊರತು ಬೇರೇನನ್ನೂ ನುಡಿಯಲಾರದೆ ಕೈಸನ್ನೆಯಿಂದಲೇ ವ್ಯವಹರಿಸುತ್ತಿದ್ದನು. ಆದಾಗ್ಯೂ ರೋಗಕ್ಕೆ ಮುಂಚೆ ಕಲಿತಿದ್ದ ಕೀರ್ತನೆಗಳನ್ನು, ಮೊದಲಲ್ಲಿ ಇನ್ನೊಬ್ಬನು ಸ್ವಲ್ಪ ಕೂಡಿ ಹಾಡಿದರೆ ಸಾಕು, ಆರೋಗ್ಯವಂತನ ಹಾಗೆಯೇ ಸ್ಪಷ್ಟವಾಗಿ ಹಾಡುತ್ತಿದ್ದನು.

ಇದು ಹೇಗೆ? 1861ನೇ ಇಸವಿಯಲ್ಲಿ ಪಾರೀಸಿನ ವೈದ್ಯರಾದ ಬ್ರೋಕಾ ಎಂಬವರು, ಒಂದೇ ಉಚ್ಚಾರವನ್ನು ಬಿಟ್ಟು ಮತ್ತೇನನ್ನೂ ಆಡಲಾರದೆ ಸತ್ತ ಒಬ್ಬನ ಮಿದುಳನ್ನು ಪರೀಕ್ಷಿಸಿ, ಎಡಭಾಗದ ಮುಂದುಗಡೆಯಲ್ಲಿ ಹಾನಿಯಾಗಿರುವದನ್ನು ಕಂಡರು. ಹೆಚ್ಚು ಜನರಲ್ಲಿ ಮಾತು ಆ ಎಡಭಾಗವನ್ನೇ ಆಶ್ರಯಿಸಿರುತ್ತದೆ. ಹಾಡುವಾಗಲಾದರೋ ಎಡಬಲಗಳೆರಡೂ ಕೆಲಸಮಾಡುತ್ತವೆ. ಆದದರಿಂದ ಒಂದು ದಾರಿ ಕಡಿದುಹೋದರೂ ಇನ್ನೊಂದು ಉಳಿದಿರಬಹುದು.

ಆದರೆ ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಎಡೆಯುಂಟು. ಬಾಯಿಪಾಠವಾದ ಹಾಡನ್ನು ಹಾಡಬಲ್ಲವನು ನೀರು ಬೇಕಾದಾಗ ನೀರೆಂದು ಕೇಳಬಲ್ಲನೆಂದಲ್ಲ. ಆ ಸ್ವೀಡನ್ನಿನವನು ಹಾಡಿದ ಬಳಿಕವೂ ಮೂಕನೇ. ಹಾಡಿನಿಂದ ಮಾತಿಗೆ ಒಂದು ಸೇತುವೆ ಬೇಕು. 1973ರಲ್ಲಿ ಅಮೇರಿಕಾದ ಬೋಸ್ಟನ್ ಪಟ್ಟಣದ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು ಅಂಥದೊಂದು ಕ್ರಮವನ್ನು ಪ್ರಕಟಿಸಿದರು. ಶಿಕ್ಷಕನು ರೋಗಿಯ ಎದುರು ಕೂತು ಆತನ ಎಡಗೈಯನ್ನು ಹಿಡಿದು, ಒಂದೊಂದು ಅಕ್ಷರಕ್ಕೆ ಒಂದೊಂದು ಸಾರಿ ಮೆಲ್ಲನೆ ತಟ್ಟಿಸುತ್ತಾನೆ. ಮೇಲೊಂದು ಕೆಳಗೊಂದು, ಹೀಗೆ ಎರಡೇ ಸ್ವರಗಳು ಸಾಕು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ‘ನೀರು ಬೇಕು’ ಎಂಬದನ್ನು ಮೊದಲು ಗುನುಗುನಿಸುವದು. ಆಮೇಲೆ ಇಬ್ಬರೂ ಕೂಡಿ ರಾಗವಾಗಿ ಎಳೆದು ಹೇಳುವದು. ಬರಬರುತ್ತಾ ಶಿಕ್ಷಕನು ತನ್ನ ಧ್ವನಿಯನ್ನು ತಗ್ಗಿಸಿ ನಡುವೆ ಬಿಟ್ಟುಬಿಡುವದು. ಕಡೆಗೆ ‘ಏನು ಬೇಕು?’ ಎಂದು ಕೇಳಿ ಉತ್ತರಕ್ಕಾಗಿ ಕಾಯುವದು. ರಾಗವನ್ನು ಕ್ರಮೇಣ ಕಡಿಮೆಮಾಡಿ ಸಹಜವಾದ ಮಾತಿಗೆ ಇಳಿಸುತ್ತಾರೆ. ಇದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಕೇಳಿದ್ದನ್ನು ಗ್ರಹಿಸುವ ಶಕ್ತಿಯುಳ್ಳವರಿಗೇ ಇದು ಹೆಚ್ಚಾಗಿ ಪ್ರಯೋಜನಕರ. ಗುಣವನ್ನು ಕೊಡುವದು ಸ್ವರವಲ್ಲ, ತಾಳವೂ ಪರಿಚಿತ ನುಡಿಗಳೂ ಎಂದು ವಾದಿಸುವ ಪಂಡಿತರಿದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ. 2011ರಲ್ಲಿ ತಲೆಗೆ ಗುಂಡುತಗಲಿ ಮಾತು ಕಳಕೊಂಡ ಅಮೇರಿಕಾದ ಶಾಸನಸಭೆಯ ಸದಸ್ಯೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಎಂಬವರ ಚಿಕಿತ್ಸೆಯಲ್ಲಿಯೂ ಹಾಡಿಗೆ ಸ್ಥಾನವಿತ್ತು. ಅವರು ತರುವಾಯ ಸಭೆಗಳಲ್ಲಿ ಮಾತಾಡುವಷ್ಟು ಸುಧಾರಿಸಿದರೂ ಅಡ್ಡಿಯು ಪೂರಾ ಹೋಗಲಿಲ್ಲ.

ಕೈಕಾಲು ನಡುಗುವ ಪಾರ್ಕಿನ್ಸನ್ ರೋಗದವರ ಕೊರತೆ ಬೇರೆ. ಅವರಿಗೆ ಹೆಜ್ಜೆಯನ್ನೆತ್ತುವದೇ ಕಷ್ಟ. ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ. ಇವರಿಗೆ ಬೇಕಾದದ್ದು ತಾಳ. ಒಳಗಿನಿಂದ ಬರಬೇಕಾದ ಗತಿಯು ತಪ್ಪಿದಾಗ ಕಿವಿಯ ಮೂಲಕ ಹೊರಗಿನಿಂದ ಗತಿಯನ್ನು ಕೊಡುತ್ತಾರೆ. 1996ರಲ್ಲಿ ಮೈಕೆಲ್ ಥೌಟ್ ಎಂಬವರೂ ಅವರ ಜತೆಗಾರರೂ ಪ್ರಕಟಿಸಿದ ಪರಿಶೋಧನೆಯಲ್ಲಿ, ದಿನಕ್ಕೆ 30 ನಿಮಿಷದಂತೆ ಮೂರು ವಾರ ತಾಳಕ್ಕೆ ಸರಿಯಾಗಿ ನಡೆದವರ ವೇಗವು ನೂರಕ್ಕೆ 25ರಷ್ಟೂ ಹೆಜ್ಜೆಯ ಉದ್ದವು 12ರಷ್ಟೂ ಹೆಚ್ಚಿತು. ರಾಗಿ ಬೀಸುವವರೂ ಭಾರ ಎಳೆಯುವವರೂ ಹಾಡು ಹೇಳುತ್ತಾ ಕೆಲಸ ಮಾಡಿದ್ದನ್ನು ಕಂಡಿರುವ ನಮಗೆ ಇದು ಅಷ್ಟು ಹೊಸದಾಗಿ ತೋರಲಾರದು.

ತಿಂಗಳು ತುಂಬದೆ ಹುಟ್ಟಿದ ಶಿಶುವಿಗೆ ತಾಳವನ್ನು ಅನುಸರಿಸುವ ಶಕ್ತಿಯೆಲ್ಲಿ? ಅದಕ್ಕೆ ಬೇಕಾದದ್ದು ಶಾಂತಿ. 2013ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಅಮೇರಿಕಾದ 11 ಆಸ್ಪತ್ರೆಗಳ 272 ಶಿಶುಗಳಿಗೆ ಗರ್ಭದೊಳಗಿನ ಸದ್ದನ್ನೂ ಎದೆಬಡಿತವನ್ನೂ ಹೋಲುವ ನಾದವನ್ನು ಮೆಲ್ಲಗೆ ಕೇಳಿಸಿದರು. ತಂದೆತಾಯಿಗಳು ತಾವೇ ಆರಿಸಿದ ಹಾಡನ್ನು ಜೋಗುಳವಾಗಿಯೂ ಹಾಡಿಸಿದರು. ಶಿಶುಗಳ ಹೃದಯದ ಬಡಿತವು ತಗ್ಗಿತು; ತಂದೆತಾಯಿಗಳ ಕಳವಳವೂ ಕಡಿಮೆಯಾಯಿತು.

ಮರೆವಿನ ರೋಗಕ್ಕೆ ಒಳಗಾದ ವೃದ್ಧರು ಮಕ್ಕಳ ಹೆಸರನ್ನು ಮರೆತ ಮೇಲೂ ಬಾಲ್ಯದ ಹಾಡನ್ನು ನೆನಪಿಡುವದುಂಟು. ಹಾಡು ಅವರ ದುಗುಡವನ್ನು ಸ್ವಲ್ಪ ತಗ್ಗಿಸೀತು, ರೋಗವನ್ನು ಹಿಂದೆಗೆಯದು. ಆಟಿಸಂ ಎಂಬ ಸ್ಥಿತಿಯ ಮಕ್ಕಳ ವಿಷಯದಲ್ಲಿ 9 ದೇಶಗಳ 364 ಮಕ್ಕಳನ್ನು ಕೂಡಿಸಿ ಮಾಡಿದ ದೊಡ್ಡ ಪರಿಶೋಧನೆಯು 2017ರಲ್ಲಿ ಪ್ರಕಟವಾಯಿತು. ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಮುಖ್ಯ ಲಕ್ಷಣಗಳಲ್ಲಿ ಹೆಚ್ಚಿನ ವ್ಯತ್ಯಾಸವು ಕಂಡುಬರಲಿಲ್ಲ. ಇಂಥ ಫಲವನ್ನೂ ಮರೆಮಾಡದೆ ಅಚ್ಚುಹಾಕಿದವರನ್ನು ನಾವು ಗೌರವಿಸುತ್ತೇವೆ. ಇಂಥಾ ರಾಗವು ಇಂಥಾ ರೋಗವನ್ನು ನಿವಾರಿಸುತ್ತದೆಂದು ಪಟ್ಟಿಮಾಡಿ ಹಣ ಕೇಳುವವರ ಮಾತನ್ನು ವಾಚಕರು ನಂಬಬಾರದು. ಹಾಡನ್ನು ನಂಬಿ ವೈದ್ಯರ ಔಷಧವನ್ನು ನಿಲ್ಲಿಸುವದಂತೂ ಪ್ರಾಣಕ್ಕೆ ಅಪಾಯ.

ವಿಶೇಷವಾಗಿ ಪಾರ್ಶ್ವವಾಯುವಿನಲ್ಲಿ ತಡಮಾಡಬಾರದು. ಬಾಯಿ ಒಂದು ಕಡೆಗೆ ಸೊಟ್ಟಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಯಾಕಂದರೆ ರಕ್ತದ ಗಡ್ಡೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸುಗಳೊಳಗಾಗಿ ಕೊಡಬೇಕಾಗುತ್ತದೆ.

ಅಪಾಯ ಕಳೆದು ರೋಗಿಯು ಮನೆಗೆ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಷ್ಟವು ಆರಂಭವಾಗುತ್ತದೆ. ಮಾತು ಬಾರದವನಿಗೆ ಬುದ್ಧಿಯೂ ಇಲ್ಲವೆಂದು ನೆನಸಿ, ಆತನ ಎದುರಿಗೇ ಹೊಲದ ಪಾಲು, ಸಾಲ, ಮುಂದಿನ ಕ್ರಿಯೆಗಳನ್ನು ಕುರಿತು ಮಾತಾಡುವದನ್ನು ನಾವು ಕಂಡಿದ್ದೇವೆ. ಆತನು ಎಲ್ಲಾ ಕೇಳುತ್ತಿರಬಹುದು, ತಿಳಿಯುತ್ತಿರಲೂಬಹುದು. ಅಂಥವನನ್ನು ನೋಡಲು ಹೋದವರು ಆತನ ಮುಖದ ಎದುರು ಕೂತು, ಒಂದೊಂದೇ ಸಣ್ಣ ಮಾತನ್ನಾಡಿ, ಉತ್ತರಕ್ಕೆ ಸಾವಕಾಶ ಕೊಡಬೇಕು. ಆತನು ಆರೋಗ್ಯದಲ್ಲಿದ್ದಾಗ ಹೆಚ್ಚಾಗಿ ಹಾಡುತ್ತಿದ್ದ ಹಾಡು ಯಾವದೆಂದು ಮನೆಯವರನ್ನು ಕೇಳಿ ತಿಳುಕೊಂಡು, ಮೊದಲನೆಯ ಸಾಲನ್ನು ನಿಧಾನವಾಗಿ ಎತ್ತಿ, ಎರಡನೆಯದರ ನಡುವೆ ನಿಲ್ಲಿಸಿ ಕಾಯಬಹುದು. ಆ ದಿನ ಏನೂ ಬಾರದಿದ್ದರೆ ಬಲವಂತ ಮಾಡದೆ ಎದ್ದುಬಂದು, ಮುಂದಿನ ವಾರ ಮತ್ತೆ ಹೋಗಬೇಕು.