ನಾಯಿಗಳ ಛತ್ರದಲ್ಲಿ ಒಂದು ದಿನ

ಯಾತ್ರಿಕರಿಗಾಗಿ ಊರೂರುಗಳಲ್ಲಿ ಛತ್ರಗಳಿರುವ ಸಂಗತಿ ಎಲ್ಲರಿಗೂ ತಿಳಿದುದೇ. ಆದರೆ ಯಜಮಾನನು ಪ್ರಯಾಣ ಹೊರಟಾಗ ಮನೆಯಲ್ಲಿ ಉಳಿಯುವ ನಾಯಿಗೂ ಒಂದು ಛತ್ರ ಬೇಕಾಗುವುದೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಕೂಡುಕುಟುಂಬಗಳಲ್ಲಿ ಮನೆಮಂದಿಯೆಲ್ಲ ಒಮ್ಮೆಗೇ ಊರು ಬಿಡುವುದು ಅಪರೂಪವಾಗಿದ್ದುದರಿಂದ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಹಾಗಲ್ಲ. ಬೆಂಗಳೂರಿನಂತಹ ನಗರಗಳ ಸುತ್ತಣ ಹಳ್ಳಿಗಳಲ್ಲಿ, ತೋಟಗಳ ನಡುವೆ, ಪರರ ನಾಯಿಗಳನ್ನು ಹಣ ಪಡೆದು ಕೆಲವು ದಿನ ಇರಿಸಿಕೊಂಡು ಪಾಲಿಸುವ ಮನೆಗಳು ನಡೆಯುತ್ತಿವೆ. ಇವಕ್ಕೆ ಬೋರ್ಡಿಂಗ್ ಕೆನಲ್ ಎಂದು ಹೆಸರು. ಬೇಸಗೆಯ ರಜೆಯಲ್ಲಿಯೂ ದಸರೆಯಲ್ಲಿಯೂ ಇವು ತುಂಬಿರುತ್ತವೆ. ದೀಪಾವಳಿಯಲ್ಲಂತೂ, ಊರಿನಲ್ಲಿಯೇ ಉಳಿಯುವವರು ಸಹ ಪಟಾಕಿಯ ಸದ್ದಿಗೆ ಬೆದರುವ ನಾಯಿಯನ್ನು ಹಳ್ಳಿಗೆ ತಂದು ಬಿಡುವುದುಂಟು.

ಹೊತ್ತಿಗೆ ಸರಿಯಾಗಿ ಅನ್ನ ಹಾಕಿ ಬಾಗಿಲು ಮುಚ್ಚಿದರೆ ಮುಗಿಯುವ ಕೆಲಸವಿದೆಂದು ಮೇಲ್ನೋಟಕ್ಕೆ ತೋರಬಹುದು. ವಾಸ್ತವದಲ್ಲಿ ಇಪ್ಪತ್ತು ಮನೆಗಳ ಇಪ್ಪತ್ತು ನಾಯಿಗಳನ್ನು ಒಂದು ಸೂರಿನಡಿ ಸೇರಿಸಿದೊಡನೆ ಇಪ್ಪತ್ತು ಮನೆಗಳ ರೋಗಾಣುಗಳನ್ನೂ ಸೇರಿಸಿದಂತಾಗುತ್ತದೆ. ಅತಿಥಿಗಳಿಗೆ ಮಾತು ಬಾರದು. ಯಜಮಾನನು ಎಲ್ಲಿಗೆ ಹೋದನು, ಯಾವಾಗ ಬರುವನು ಎಂಬುದೂ ಅವಕ್ಕೆ ತಿಳಿಯದು. ಇಂತಹ ಸ್ಥಳದಲ್ಲಿ ದಿನನಿತ್ಯದ ಸಣ್ಣ ಕೆಲಸಗಳೂ ಹೇಗೆ ವಿಜ್ಞಾನದ ಆಧಾರದ ಮೇಲೆ ನಿಂತಿವೆ ಎಂಬುದನ್ನು ನೋಡೋಣ.

ಇದಕ್ಕಾಗಿ ಒಂದು ಛತ್ರವನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳೋಣ. ಊರ ಹೊರಗೆ ಎರಡು ಎಕರೆ ತೋಟ, ಅದರಲ್ಲಿ ಇಪ್ಪತ್ತು ಕೋಣೆಗಳ ಉದ್ದನೆಯ ಕಟ್ಟಡ, ತೋಟದ ದೂರದ ಮೂಲೆಯಲ್ಲಿ ಬೇರೆಯಾಗಿ ನಿಂತ ಎರಡು ಕೋಣೆಗಳು, ಒಂದು ಕೊಳವೆಬಾವಿ. ಪಾಲಕನೊಬ್ಬ, ಅವನಿಗೆ ಇಬ್ಬರು ಸಹಾಯಕರು.

ಬಾಗಿಲಲ್ಲಿ ಕೇಳುವ ಪ್ರಶ್ನೆಗಳು

ಹೊಸ ನಾಯಿ ಬಂದಾಗ ಪಾಲಕನು ಮೊದಲು ಕೇಳುವುದು ಲಸಿಕೆಯ ಪುಸ್ತಕವನ್ನು. ಹುಚ್ಚುನಾಯಿ ರೋಗ ಅಥವಾ ರೇಬೀಸ್, ಡಿಸ್ಟೆಂಪರ್, ಪಾರ್ವೊ, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಜ್ವರ, ಕೆನಲ್ ಕೆಮ್ಮು ಇವುಗಳಿಗೆ ಲಸಿಕೆ ಆಗಿದೆಯೆ? ಆಗಿದ್ದರೆ ಎಂದು? ಈ ಎರಡನೆಯ ಪ್ರಶ್ನೆಯೂ ಮುಖ್ಯವಾದುದು. ಲಸಿಕೆಯು ತಾನೇ ರೋಗವನ್ನು ತಡೆಯುವುದಿಲ್ಲ. ದೇಹವು ಪ್ರತಿಕಾಯಗಳನ್ನು ತಯಾರಿಸುವಂತೆ ಅದು ಪ್ರೇರಿಸುತ್ತದೆ. ಆ ತಯಾರಿಕೆಗೆ ಕಾಲ ಬೇಕು. ನಿನ್ನೆ ಮೊದಲ ಬಾರಿಗೆ ಲಸಿಕೆ ಹಾಕಿಸಿ ಇಂದು ತಂದ ಮರಿಗೆ ಇನ್ನೂ ರಕ್ಷಣೆ ದೊರೆತಿರುವುದಿಲ್ಲ. ಆದಕಾರಣ ಎರಡು ವಾರಗಳಾದರೂ ಕಳೆದಿರಲಿ ಎಂದು ಪಾಲಕನು ಬಯಸುತ್ತಾನೆ.

ಅನಂತರ ಉಣ್ಣಿಗಳ ಶೋಧನೆ. ಕೆಲವು ಕಡೆ ಉಣುಗು ಎಂದು ಕರೆಯುವ ಈ ಜೀವಿಯು ರಕ್ತ ಹೀರುವುದಲ್ಲದೆ ಎರ್ಲಿಕಿಯ ಎಂಬ ಬ್ಯಾಕ್ಟೀರಿಯವನ್ನು ನಾಯಿಯಿಂದ ನಾಯಿಗೆ ಸಾಗಿಸುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿಯು ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕನ್ನು ಸೇರಿ, ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಕೋಣೆಗಳ ಗೋಡೆಗಳನ್ನು ಬಿರುಕಿಲ್ಲದಂತೆ ನುಣ್ಣಗೆ ಗಾರೆ ಮಾಡಿಸಿರುವುದು ಇದೇ ಕಾರಣದಿಂದ.

ಬಂದವರನ್ನು ಕೆಲವು ದಿನ ಬೇರೆಯಾಗಿ ಇರಿಸುವ ಪದ್ಧತಿ ಹಳೆಯದು. ಪ್ಲೇಗಿಗೆ ಅಂಜಿದ ರಗೂಸ ಪಟ್ಟಣದವರು 1377ರಲ್ಲಿಯೇ, ಸೋಂಕಿದ ಪ್ರದೇಶಗಳಿಂದ ಬಂದವರು ಮೂವತ್ತು ದಿನ ಊರ ಹೊರಗಿರಬೇಕೆಂದು ಕಟ್ಟಳೆ ಮಾಡಿದ್ದರು. ಈಗಿನ ಕ್ರೊವೇಷಿಯದ ಡುಬ್ರೊವ್ನಿಕ್ ನಗರವೇ ಆ ರಗೂಸ. ಆದರೆ ಐದು ದಿನಗಳಿಗಾಗಿ ಬರುವ ನಾಯಿಯನ್ನು ಮೂವತ್ತು ದಿನ ಹೊರಗಿರಿಸುವುದು ಸಾಧ್ಯವೆ? ಆದುದರಿಂದ ಇಲ್ಲಿ ಕಾಲದ ಬದಲು ಕ್ರಮವೇ ಕಾವಲಾಗಬೇಕಾಗಿದೆ.

ಮುಂಜಾವದ ಸುತ್ತು

ಬೆಳಕು ಹರಿಯುವ ಹೊತ್ತಿಗೆ ಪಾಲಕನು ಪೊರಕೆಯನ್ನು ಮುಟ್ಟದೆ, ಬರಿಗೈಯಲ್ಲಿ ಒಂದು ಸುತ್ತು ಬರುತ್ತಾನೆ. ತೊಳೆಯುವ ಮೊದಲು ನೋಡಬೇಕು. ತೊಳೆದರೆ ಸಾಕ್ಷ್ಯವೂ ತೊಳೆದುಹೋಗುತ್ತದೆ. ಮಲ ಗಟ್ಟಿಯಾಗಿದೆಯೆ? ವಾಂತಿಯಾಗಿದೆಯೆ? ನೀರು ಎಷ್ಟು ಇಳಿದಿದೆ? ರಾತ್ರಿಯ ತಟ್ಟೆ ಖಾಲಿಯಾಗಿದೆಯೆ? ಪ್ರತಿಯೊಂದನ್ನೂ ಪುಸ್ತಕದಲ್ಲಿ ಗುರುತು ಹಾಕುತ್ತಾನೆ. ನಿದ್ರಿಸುತ್ತಿರುವ ನಾಯಿಯ ಎದೆ ಏರಿಳಿಯುವುದನ್ನು ಎಣಿಸುತ್ತಾನೆ. ಆರೋಗ್ಯವಂತ ನಾಯಿಯು ವಿಶ್ರಾಂತಿಯಲ್ಲಿರುವಾಗ ಮಿನಿಟಿಗೆ ಸಾಮಾನ್ಯವಾಗಿ 10ರಿಂದ 30 ಸಲ ಉಸಿರಾಡುತ್ತದೆ. ಅದರ ದೇಹದ ಉಷ್ಣತೆಯು ನಮ್ಮದಕ್ಕಿಂತ ಹೆಚ್ಚು: ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮನುಷ್ಯನಿಗೆ ಜ್ವರವೆನಿಸುವ ಅಂಕವು ನಾಯಿಗೆ ಆರೋಗ್ಯದ ಅಂಕವಾಗಿರುವುದನ್ನು ಗಮನಿಸಿರಿ.

ಈ ದಿನ ಹದಿನಾಲ್ಕನೆಯ ಕೋಣೆಯ ತಟ್ಟೆ ಹಾಗೆಯೇ ಉಳಿದಿದೆ. ಅದರಲ್ಲಿರುವುದು ಮೊನ್ನೆ ಬಂದ ಏಳು ತಿಂಗಳ ಮರಿ. ಮಲವೂ ತುಸು ನೀರಾಗಿದೆ. ಉಷ್ಣತೆ 39.2 ಡಿಗ್ರಿ: ಜ್ವರವೆನ್ನುವಂತಿಲ್ಲ, ಇಲ್ಲವೆಂದು ನಿಶ್ಚಿಂತನಾಗಿರುವಂತೆಯೂ ಇಲ್ಲ. ಪಾಲಕನು ಆ ಮರಿಯನ್ನು ದೂರದ ಮೂಲೆಯ ಕೋಣೆಗೆ ಸಾಗಿಸಿ, ಪಶುವೈದ್ಯರಿಗೆ ಹೇಳಿಕಳುಹಿಸುತ್ತಾನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗಾಬರಿಯೇಕೆ ಎಂಬುದನ್ನು ತಿಳಿಯಲು ತೊಳೆಯುವ ಕೆಲಸವನ್ನು ನೋಡಬೇಕು.

ತೊಳೆಯುವುದರಲ್ಲಿ ರಸಾಯನ

ನಾಯಿಗಳ ಪಾರ್ವೊ ವೈರಸ್ಸು 1978ರಲ್ಲಿ ಹೊಸದಾಗಿ ಕಾಣಿಸಿಕೊಂಡು, ಎರಡು ವರ್ಷಗಳಷ್ಟರಲ್ಲಿಯೇ ಪ್ರಪಂಚದ ನಾನಾ ಭಾಗಗಳಿಗೆ ಹರಡಿತು. ಅದು ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಲಸಿಕೆಯಿಲ್ಲದ ಮರಿಗಳು ಚಿಕಿತ್ಸೆ ದೊರೆಯದಿದ್ದರೆ ಹೆಚ್ಚಾಗಿ ಸಾಯುತ್ತವೆ. ಈ ವೈರಸ್ಸಿನ ವ್ಯಾಸವು ಸುಮಾರು 25 ನ್ಯಾನೊಮೀಟರು. ಅಂದರೆ ನಲವತ್ತು ಸಾವಿರ ವೈರಸ್ಸುಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರು ಆದೀತು. ಅನೇಕ ವೈರಸ್ಸುಗಳಿಗೆ ಕೊಬ್ಬಿನ ಹೊರಹೊದಿಕೆಯಿದ್ದು, ಸಾಬೂನು ಅದನ್ನು ಕರಗಿಸಿಬಿಡುತ್ತದೆ. ಪಾರ್ವೊಗೆ ಅಂತಹ ಹೊದಿಕೆಯೇ ಇಲ್ಲದುದರಿಂದ ಸಾಬೂನಿಗೆ ಅದು ಜಗ್ಗದು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಚಪ್ಪಲಿಗೆ ಅಂಟಿ ಸಾಗಬಲ್ಲುದು.

ಇದಕ್ಕೆ ಮದ್ದು ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಅಂಗಡಿಯಲ್ಲಿ ದೊರೆಯುವ ಬ್ಲೀಚ್ ದ್ರಾವಣ. ಒಂದು ಪಾಲು ಬ್ಲೀಚಿಗೆ ಮೂವತ್ತೆರಡು ಪಾಲು ನೀರು ಬೆರೆಸಿ, ಹತ್ತು ಮಿನಿಟು ನೆಲದ ಮೇಲೆ ನಿಲ್ಲಿಸಬೇಕು. ಆದರೆ ಮೊದಲು ಕೊಳೆಯನ್ನು ಎತ್ತಿ, ಸಾಬೂನಿನಿಂದ ಉಜ್ಜಿ, ಚೆನ್ನಾಗಿ ನೀರು ಹೊಯ್ಯಬೇಕು. ಹೈಪೊಕ್ಲೋರೈಟು ಆಮ್ಲಜನಕೀಕರಣದಿಂದ ಕೆಲಸ ಮಾಡುವ ವಸ್ತು. ನೆಲದ ಮೇಲೆ ಕೊಳೆಯಿದ್ದರೆ ಅದರೊಡನೆಯೇ ವರ್ತಿಸಿ ಮುಗಿದುಹೋಗುತ್ತದೆ, ವೈರಸ್ಸಿಗೆ ಏನೂ ಉಳಿಯುವುದಿಲ್ಲ. ಇನ್ನೊಂದು ಅಪಾಯವೂ ಉಂಟು. ಮೂತ್ರದ ಯೂರಿಯವು ಕೊಳೆತಾಗ ಅಮೋನಿಯ ಉಂಟಾಗುತ್ತದೆ. ಅದರ ಮೇಲೆ ಬ್ಲೀಚ್ ಸುರಿದರೆ ಕಣ್ಣು ಗಂಟಲುಗಳನ್ನು ಸುಡುವ ಕ್ಲೋರಮೀನ್ ಅನಿಲ ಏಳುತ್ತದೆ. ಪಾಯಿಖಾನೆ ತೊಳೆಯುವ ಆಮ್ಲದೊಡನೆ ಬೆರೆಸಿದರೆ ವಿಷವಾದ ಕ್ಲೋರೀನೇ ಬರುತ್ತದೆ. ಬೆಳಕು ಮತ್ತು ಸೆಕೆಗೆ ದ್ರಾವಣವು ಶಕ್ತಿಗುಂದುವುದರಿಂದ ಪ್ರತಿದಿನವೂ ಹೊಸದಾಗಿ ಕಲಸಿಕೊಳ್ಳಬೇಕು.

ಯಾವ ಕೋಣೆಯನ್ನು ಮೊದಲು ತೊಳೆಯಬೇಕೆಂಬುದಕ್ಕೂ ನಿಯಮವಿದೆ. ಮೊದಲು ಮರಿಗಳು, ಆಮೇಲೆ ಆರೋಗ್ಯವಂತ ದೊಡ್ಡ ನಾಯಿಗಳು, ಕಟ್ಟಕಡೆಗೆ ಸಂಶಯಕ್ಕೆ ಒಳಗಾದವು. ಕೆಲಸಗಾರನ ಕೈಕಾಲುಗಳೇ ರೋಗದ ವಾಹನವಾಗಬಲ್ಲುವಾದ್ದರಿಂದ, ಆ ವಾಹನವು ದುರ್ಬಲರಿಂದ ರೋಗಿಯ ಕಡೆಗೆ ಮಾತ್ರ ಚಲಿಸಬೇಕು, ಹಿಂದಿರುಗಬಾರದು. ದೂರದ ಕೋಣೆಗೆ ಬೇರೆ ಪೊರಕೆ, ಬೇರೆ ತಟ್ಟೆ, ಬೇರೆ ಚಪ್ಪಲಿ.

ಊಟದ ಲೆಕ್ಕ

ತೊಳೆಯುವುದು ಮುಗಿದ ಮೇಲೆ ಊಟ. “ನಮ್ಮ ರಾಜು ಮೊಸರನ್ನವಿಲ್ಲದೆ ಮುಟ್ಟುವುದಿಲ್ಲ” ಎಂದು ಯಜಮಾನರು ಹೇಳಿಹೋಗಿರುತ್ತಾರೆ. ಆಹಾರವನ್ನು ಹಠಾತ್ತಾಗಿ ಬದಲಿಸಿದರೆ ಹೊಟ್ಟೆ ಕೆಡುವುದರಿಂದ ಆದಷ್ಟು ಮನೆಯ ಊಟವನ್ನೇ ಮುಂದುವರಿಸಬೇಕು. ಪ್ರಮಾಣವೆಷ್ಟು? ಇಲ್ಲಿ ಒಂದು ಸೊಗಸಾದ ಗಣಿತವಿದೆ. ನಾಯಿಯ ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಎರಡು ಬಾರಿ ವರ್ಗಮೂಲ ತೆಗೆದು, ಬಂದುದನ್ನು ಘನ ಮಾಡಿ, 70ರಿಂದ ಗುಣಿಸಿದರೆ, ಸುಮ್ಮನೆ ಮಲಗಿರುವಾಗ ಅದಕ್ಕೆ ದಿನಕ್ಕೆ ಬೇಕಾಗುವ ಕಿಲೋಕ್ಯಾಲೊರಿಗಳ ಅಂದಾಜು ದೊರೆಯುತ್ತದೆ. 16 ಕಿಲೋಗ್ರಾಮಿನ ನಾಯಿಯನ್ನು ತೆಗೆದುಕೊಳ್ಳಿರಿ: ವರ್ಗಮೂಲ 4, ಅದರ ವರ್ಗಮೂಲ 2, ಘನ 8, 8ನ್ನು 70ರಿಂದ ಗುಣಿಸಿದರೆ 560. ಒಂದು ಕಿಲೋಗ್ರಾಮಿನ ನಾಯಿಗೆ 70. ಹದಿನಾರು ಪಾಲು ತೂಕದ ನಾಯಿಗೆ ಎಂಟು ಪಾಲು ಊಟವಷ್ಟೇ ಸಾಕು! ಪ್ರಾಣಿಗಳ ತೂಕಕ್ಕೂ ಶಕ್ತಿವ್ಯಯಕ್ಕೂ ಇರುವ ಈ ಸಂಬಂಧವನ್ನು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ತೋರಿಸಿಕೊಟ್ಟನು. ಓಡಾಡುವ ನಾಯಿಗೆ ಇದಕ್ಕಿಂತ ಹೆಚ್ಚು ಬೇಕು, ಬೆಳೆಯುವ ಮರಿಗೆ ಇನ್ನೂ ಹೆಚ್ಚು.

ಹಬ್ಬದ ಪಾಯಸ ಮಾತ್ರ ಬೇಡ. ಅದರಲ್ಲಿಯ ಒಣದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳಿಗೆ ಮಾರಕವಾಗಬಲ್ಲುದು. ಈರುಳ್ಳಿಯು ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಉಳಿದ ಅನ್ನವನ್ನು ಕೂಡಲೇ ತೆಗೆದುಹಾಕಬೇಕು. ಬಿಟ್ಟರೆ ಇಲಿಗಳು ಬರುತ್ತವೆ, ಇಲಿಗಳ ಹಿಂದೆ ಹಾವೂ ಬರುತ್ತದೆ.

ನಡುಹಗಲಿನ ಸೆಕೆ

ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಪಾಲಕನ ಚಿಂತೆ ಬೇರೆ. ನಾವು ಬೆವರಿ ತಂಪಾಗುತ್ತೇವೆ. ನಾಯಿಯು ಬಹುಮಟ್ಟಿಗೆ ಅಂಗಾಲುಗಳಲ್ಲಿ ಮಾತ್ರ ಬೆವರುತ್ತದೆ, ಅದು ಸಾಲದು. ಆದುದರಿಂದ ನಾಲಿಗೆ ಚಾಚಿ ತೇಕುತ್ತದೆ. ಬಾಯಿ ಮೂಗುಗಳ ತೇವವು ಆವಿಯಾಗುವಾಗ ಪ್ರತಿ ಗ್ರಾಮು ನೀರು ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಮಿನಿಟಿಗೆ ಮುನ್ನೂರು ಸಲ ಉಸಿರಾಡುವ ಈ ಶ್ರಮದಿಂದಲೇ ಮೈ ಮತ್ತಷ್ಟು ಬಿಸಿಯಾಗಬೇಡವೆ? ನಾಯಿಯ ಎದೆ ಮತ್ತು ಶ್ವಾಸಾಂಗಗಳು ಸ್ಪ್ರಿಂಗಿನಂತೆ ತಮ್ಮದೇ ಆದ ಸಹಜ ಕಂಪನಾಂಕವನ್ನು ಪಡೆದಿವೆಯೆಂದೂ ನಾಯಿಯು ಅದೇ ವೇಗದಲ್ಲಿ ತೇಕುವುದರಿಂದ ಶ್ರಮ ಕಡಿಮೆಯಾಗುವುದೆಂದೂ 1962ರಲ್ಲಿ ಪ್ರಕಟವಾದ ಒಂದು ಪ್ರಯೋಗವು ತಿಳಿಸಿತು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ ಇದು. ಆದರೆ ಚಪ್ಪಟೆ ಮೂತಿಯ ಪಗ್ ಮೊದಲಾದ ನಾಯಿಗಳಿಗೆ ಗಾಳಿಯ ದಾರಿಯೇ ಇಕ್ಕಟ್ಟು. ಹಳ್ಳಿಯಲ್ಲಿ ವಿದ್ಯುತ್ತು ಹೋಗಿ ಫ್ಯಾನು ನಿಂತಾಗ ಪಾಲಕನು ಮೊದಲು ಓಡುವುದು ಅವುಗಳ ಕೋಣೆಗೆ.

ಕೊರಗೋ, ಕಾಯಿಲೆಯೋ?

ಈಗ ಹದಿನಾಲ್ಕನೆಯ ಕೋಣೆಯ ಮರಿಗೆ ಹಿಂದಿರುಗೋಣ. ಊಟ ಬಿಡುವುದು ಪಾರ್ವೊ ರೋಗದ ಲಕ್ಷಣ; ಮನೆಯನ್ನು ನೆನೆದು ಕೊರಗುವ ನಾಯಿಯ ಲಕ್ಷಣವೂ ಹೌದು. ಭೇದಿಯಾಗುವುದು ರೋಗದಿಂದ, ಕೇವಲ ಅಂಜಿಕೆಯಿಂದಲೂ ಆಗುವುದುಂಟು. ಇಲ್ಲಿಯೇ ಪಾಲಕನ ಕಷ್ಟವಿರುವುದು. ಕೊರಗುವ ನಾಯಿಗೆ ಜೊತೆ ಬೇಕು. ಸೋಂಕಿದ ನಾಯಿಗೆ ಏಕಾಂತ ಬೇಕು. ಕೊರಗೆಂದು ತಿಳಿದು ಇತರ ನಾಯಿಗಳ ನಡುವೆ ಬಿಟ್ಟರೆ ಹತ್ತೊಂಬತ್ತು ಪ್ರಾಣಗಳಿಗೆ ಅಪಾಯ. ರೋಗವೆಂದು ತಿಳಿದು ಒಂಟಿಯಾಗಿ ಕೂಡಿಹಾಕಿದರೆ ಒಂದು ಎಳೆಯ ಜೀವಕ್ಕೆ ಸಂಕಟ.

ಕಾಲದ ಲೆಕ್ಕವು ಸ್ವಲ್ಪ ನೆರವಾಗುತ್ತದೆ. ಪಾರ್ವೊ ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಮೊನ್ನೆ ಬಂದ ಮರಿಗೆ ಇದು ಪಾರ್ವೊ ಆಗಿದ್ದರೆ, ಬರುವ ಮೊದಲೇ ಅದಕ್ಕೆ ಸೋಂಕು ತಗಲಿರಬೇಕು. ಇದನ್ನೇ ತಿರುಗಿಸಿ ನೋಡಿದರೆ, ಇಲ್ಲಿ ಇಂದು ಸೋಂಕಿದ ನಾಯಿಯು ನೆಟ್ಟಗಿರುವಂತೆ ಕಾಣುತ್ತಲೇ ಮನೆಗೆ ಹೋಗಿ, ಅಲ್ಲಿ ಕಾಯಿಲೆ ಬೀಳಬಹುದು. ಛತ್ರದಲ್ಲಿ ಮಾಡಿದ ತಪ್ಪು ಬೇರೊಬ್ಬರ ಮನೆಯಲ್ಲಿ ಹೊರಬೀಳುತ್ತದೆ. ಆದುದರಿಂದ ಸಂಶಯ ಬಂದಾಗ, ಅಲ್ಲವೆಂದು ತೋರುವವರೆಗೆ ರೋಗವೆಂದೇ ಭಾವಿಸತಕ್ಕದ್ದು.

ಹಾಗಾದರೆ ಮರಿಯ ಕೊರಗಿಗೆ ಪರಿಹಾರವೇನು? 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಶ್ರಯಗೃಹಕ್ಕೆ ಬಂದ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಮೊದಲ ಮೂರು ದಿನಗಳಲ್ಲಿ ಏರಿರುವುದು ಕಂಡುಬಂದಿತು. ದೇಹವು ಒತ್ತಡಕ್ಕೆ ಸಿಕ್ಕಿದೆಯೆಂಬುದಕ್ಕೆ ಇದು ಗುರುತು. 2006ರ ಇನ್ನೊಂದು ಅಧ್ಯಯನದಲ್ಲಿ, ಎರಡನೆಯ ದಿನ ಮನುಷ್ಯನೊಬ್ಬನು ಮುಕ್ಕಾಲು ಗಂಟೆ ಜೊತೆಯಲ್ಲಿದ್ದು ಮೈ ಸವರಿ ಆಡಿಸಿದ ನಾಯಿಗಳಲ್ಲಿ, ಮೂರನೆಯ ದಿನ ಆ ಹಾರ್ಮೋನು ಇತರ ನಾಯಿಗಳಲ್ಲಿದ್ದುದಕ್ಕಿಂತ ಕಡಿಮೆಯಿತ್ತು. ನಾಯಿಗೆ ಬೇಕಾದ ಜೊತೆಯು ಇನ್ನೊಂದು ನಾಯಿಯೇ ಆಗಬೇಕಾಗಿಲ್ಲವೆಂದಾಯಿತು, ಮನುಷ್ಯನೂ ಆಗಬಹುದು. ಮನುಷ್ಯನಿಗೆ ನಾಯಿಯ ಪಾರ್ವೊ ತಗಲದು. ಅವನು ಬಟ್ಟೆ ಚಪ್ಪಲಿಗಳನ್ನು ಬದಲಿಸಿ ಕೈ ತೊಳೆಯಬಲ್ಲನು.

ಸಂಜೆ, ಎಲ್ಲ ಕೆಲಸಗಳೂ ಮುಗಿದ ಮೇಲೆ, ಒಬ್ಬ ಸಹಾಯಕನು ಆ ಕೋಣೆಯ ಬಟ್ಟೆಯನ್ನು ತೊಟ್ಟು ಮರಿಯ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಯಜಮಾನರು ಬಿಟ್ಟುಹೋದ ಹಳೆಯ ಟವೆಲನ್ನು ಅದರ ಹಾಸಿಗೆಯ ಮೇಲೆ ಹರಡಿದ್ದಾನೆ. ಪರಿಚಿತ ಮನುಷ್ಯನ ವಾಸನೆಯು ನಾಯಿಯ ಮಿದುಳಿನ ಸುಖಸಂವೇದನೆಯ ಭಾಗವನ್ನು ಎಚ್ಚರಿಸುತ್ತದೆಂದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ಸೂಚಿಸಿದೆ. ಪಶುವೈದ್ಯರ ಪರೀಕ್ಷೆಯಲ್ಲಿ ಪಾರ್ವೊ ಕಾಣಲಿಲ್ಲ. ಆದರೆ ಒಂದು ಪರೀಕ್ಷೆಯಲ್ಲಿ ಕಾಣದ ಮಾತ್ರಕ್ಕೆ ರೋಗವಿಲ್ಲವೆಂದು ಖಚಿತವಾಗದು. ಮರಿಯು ಅಲ್ಲಿಯೇ ಉಳಿಯುತ್ತದೆ. ಎರಡು ದಿನಗಳ ಅನಂತರ ಅದು ತಟ್ಟೆಯನ್ನು ನೆಕ್ಕಿ ಬರಿದು ಮಾಡಿ, ಮಲವೂ ಗಟ್ಟಿಯಾದಾಗ, ಇದು ಕೊರಗೇ ಆಗಿದ್ದಿರಬೇಕೆಂದು ಪಾಲಕನು ಸಮಾಧಾನ ಹೊಂದುತ್ತಾನೆ. ಆದರೂ ಆ ಕೋಣೆಯನ್ನು ಪಾರ್ವೊ ಇದ್ದ ಕೋಣೆಯಂತೆಯೇ ತೊಳೆಯಿಸುತ್ತಾನೆ.

ರಾತ್ರಿ ಎಲ್ಲ ನಾಯಿಗಳನ್ನೂ ಒಳಗೆ ಸೇರಿಸಿ ಅಗುಳಿ ಹಾಕಬೇಕು. ಬೆಂಗಳೂರಿನ ದಕ್ಷಿಣದ ಕಾಡಂಚಿನ ಹಳ್ಳಿಗಳಲ್ಲಿ ಚಿರತೆಯು ನಾಯಿಯನ್ನು ಹೊತ್ತೊಯ್ಯುವುದು ಹೊಸದಲ್ಲ. ಕೆಲಸಗಾರರಲ್ಲಿ ಯಾರಿಗಾದರೂ ಹಲ್ಲು ತಗಲಿದ್ದರೆ, ನಾಯಿಗೆ ಲಸಿಕೆಯಾಗಿದ್ದರೂ, ಗಾಯವನ್ನು ಹದಿನೈದು ಮಿನಿಟು ಸಾಬೂನು ನೀರಿನಿಂದ ತೊಳೆದು, ಕೂಡಲೇ ವೈದ್ಯರ ಬಳಿಗೆ ಹೋಗತಕ್ಕದ್ದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಸಾಕುನಾಯಿ ಇದ್ದರೆ, ಒಂದು ವಾರ ಅದರ ದಿನಚರಿಯನ್ನು ಬರೆದಿಡಿರಿ. ಮಲಗಿರುವಾಗ ಮಿನಿಟಿಗೆ ಎಷ್ಟು ಉಸಿರು, ದಿನಕ್ಕೆ ಎಷ್ಟು ನೀರು, ಯಾವ ಹೊತ್ತಿನಲ್ಲಿ ಎಷ್ಟು ಊಟ? ಒಂದು ದಿನ ಈ ಅಂಕಗಳಲ್ಲಿ ಯಾವುದಾದರೂ ಬದಲಾದಾಗ, ಮಾತು ಬಾರದ ಆ ಪ್ರಾಣಿಯು ಏನನ್ನೋ ಹೇಳುತ್ತಿರುವುದು ನಿಮಗೇ ತಿಳಿಯುವುದು.