ಮಹಶೀರ್ ಹುಡುಕಿ ಹೊಳೆಗೆ ಹೊರಟಿರಾ?

ಶೆಟ್ಟಿಹಳ್ಳಿ, ಜಾಲಹಳ್ಳಿ, ಯಲಹಂಕದ ಕಡೆ ಕೆರೆ ಏರಿಯ ಮೇಲೆ ಕೂತು ಗಾಳ ಹಾಕಿ ಕೈ ಪಳಗಿಸಿಕೊಂಡವರು ಬಹಳ. ರಜೆ ಸಿಕ್ಕಿದರೆ ಅವರ ಕಾರು ಕಾವೇರಿಯತ್ತ ತಿರುಗುತ್ತದೆ. ಕೆರೆಯ ರೂಢಿಯಲ್ಲೇ ಹೊಳೆಗೆ ಇಳಿಯುವುದನ್ನು ನೋಡಿದಾಗ ಎದೆ ಧಸಕ್ಕೆನ್ನುತ್ತದೆ.

ಅವರನ್ನು ಹೊಳೆಗೆ ಸೆಳೆಯುವುದು ಮಹಶೀರ್ ಮೀನು. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೊ ತೂಕದ ಮಹಶೀರ್ ಹಿಡಿದಿದ್ದರು. ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಿಂದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ಸಾಲಿಗೆ ಸೇರಿದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳು ಒಂದು ಕಾಲಕ್ಕೆ ಗಾಳದವರಿಗೇ ಹೆಸರಾಗಿದ್ದವು. ಅವು ಕಾವೇರಿ ವನ್ಯಜೀವಿಧಾಮದ ಒಳಗಿರುವುದರಿಂದ 2012ರ ಸುಮಾರಿಗೆ ಅಲ್ಲಿ ಗಾಳ ಹಾಕುವುದು ನಿಂತಿತು. ‘ಯಾರೂ ನೋಡಲ್ಲ ಸಾರ್, ನಾನು ಕರ್ಕೊಂಡು ಹೋಗ್ತೀನಿ’ ಎನ್ನುವ ಗೈಡ್ ಸಿಕ್ಕರೆ ಅಲ್ಲಿಂದಲೇ ವಾಪಸು ಬನ್ನಿ. ಕಾನೂನು ಮುರಿಯಲು ಹಿಂಜರಿಯದವನು ನಿಮ್ಮ ಜೀವದ ವಿಷಯದಲ್ಲಿ ಎಚ್ಚರ ವಹಿಸುತ್ತಾನೆಂದು ನಂಬುವುದು ಹೇಗೆ? ಕೊಡಗಿನ ವಾಲ್ನೂರು ಭಾಗದಲ್ಲಿ ಕೊಡಗು ವನ್ಯಜೀವಿ ಸಂಘದ ಪರವಾನಗಿಯೊಂದಿಗೆ ಮೀನು ಹಿಡಿದು ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆದುಬಂದಿದೆ. ಹೊರಡುವ ಮುನ್ನ ಈಗಿನ ನಿಯಮ ಏನೆಂದು ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಗೈಡ್‌ಗೆ ದುಡ್ಡು ಕೊಡುವ ಮೊದಲು ಮೂರು ಮಾತು ಕೇಳಿ. ಇಂದು ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರಾ? ಮಡು, ಸುಳಿ, ಮೊಸಳೆ ಇರುವ ಜಾಗ ಯಾವುದು? ತೆಪ್ಪದಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ?

ಈ ಜಾಕೆಟ್ ವಿಷಯವನ್ನು ನಾನು ಬಿಡಿಸಿ ಹೇಳಲೇಬೇಕು. ಜಾಕೆಟ್ ಇಲ್ಲದೆ ಹೋಗುವವರಿಗಿಂತ ಅದನ್ನು ಹೆಗಲಿಗೆ ಸುಮ್ಮನೆ ನೇತುಹಾಕಿಕೊಂಡು ಹೋಗುವವರೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ. ಸೆಕೆ ಎಂದು ಬಕಲ್ ಬಿಚ್ಚುತ್ತಾರೆ, ಫೋಟೊ ಚೆನ್ನಾಗಿ ಬರಲೆಂದು ತೆಗೆದು ಕುಂಡೆಯಡಿ ಹಾಕಿಕೊಳ್ಳುತ್ತಾರೆ. ಬಕಲ್ ಹಾಕದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಮೇಲಕ್ಕೆ ಜಾರುತ್ತದೆ. ಮೈ ಕೆಳಗೆ, ಜಾಕೆಟ್ ಮುಖದ ಮೇಲೆ. ಈಜು ಬಲ್ಲವನೂ ಆಗ ಉಸಿರಿಗೆ ಪರದಾಡುತ್ತಾನೆ. ಆದ್ದರಿಂದ ದಡದಲ್ಲೇ ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದು, ಜೊತೆಗಿರುವವರಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳಿ. ತೊಡೆ ಸಂದಿಯ ಪಟ್ಟಿ ಇದ್ದರೆ ನಾಚಿಕೆ ಬಿಟ್ಟು ಹಾಕಿಕೊಳ್ಳಿ. ದೊಡ್ಡವರ ಜಾಕೆಟ್ಟನ್ನು ಮಕ್ಕಳಿಗೆ ತೊಡಿಸುವುದು ಏನೂ ತೊಡಿಸದಷ್ಟೇ ಕೆಟ್ಟದ್ದು. ಗೈಡ್ ತಾನೇ ಹಾಕಿಕೊಳ್ಳದಿದ್ದರೆ ಹಾಕಿಕೊಳ್ಳಿ ಎಂದು ಕೇಳಿ. ಅದರಲ್ಲಿ ಸಂಕೋಚ ಬೇಡ.

ತೆಪ್ಪದಲ್ಲಿ ತಳಕ್ಕೆ ಕೂತು ತೂಕ ಸಮ ಮಾಡಿಕೊಳ್ಳಿ. ಮೀನು ಕಚ್ಚಿದ ಉತ್ಸಾಹಕ್ಕೆ ಯಾರೂ ಎದ್ದು ನಿಲ್ಲಬಾರದು.

ಬಂಡೆ ಮೇಲೆ ನಿಲ್ಲುವವರು ಮೊದಲು ನೀರಿನ ಅಂಚಿಗೊಂದು ಕಲ್ಲು ಗುರುತು ಇಡಿ. ಹತ್ತು ನಿಮಿಷಕ್ಕೊಮ್ಮೆ ನೋಡಿ. ಇಲ್ಲಿ ಬಿಸಿಲಿದ್ದರೂ ಕೊಡಗಿನ ಮಳೆ ಅಥವಾ ಅಣೆಕಟ್ಟೆಯ ನೀರು ಹೊಳೆಯನ್ನು ಏರಿಸಬಲ್ಲದು. ಕಲ್ಲು ಮುಳುಗಿದರೆ, ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ ರಾಡ್ ಬಿಟ್ಟಾದರೂ ಸರಿ, ದಡಕ್ಕೆ ಬನ್ನಿ. ಸಂಗಮ, ಮೇಕೆದಾಟು, ಮುತ್ತತ್ತಿಯಲ್ಲಿ ಮೇಲ್ನೋಟಕ್ಕೆ ಶಾಂತವಾದ ನೀರಿಗೆ ಇಳಿದು ಸತ್ತವರ ಸುದ್ದಿ ನಾವು ಓದುತ್ತಲೇ ಇದ್ದೇವೆ.

ಸೆಳವಿಗೆ ಸಿಕ್ಕರೆ ನಿಲ್ಲಲು ಹೋಗಬೇಡಿ, ಬಂಡೆ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ಹರಿವಿನ ಕಡೆ ಚಾಚಿ, ಓರೆಯಾಗಿ ದಡದತ್ತ ಸಾಗಿ. ಬೇರೆಯವರು ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಪಂಚೆ, ಬಿದಿರು, ಖಾಲಿ ಕ್ಯಾನ್ ಯಾವುದನ್ನಾದರೂ ಚಾಚಿ ಅಥವಾ ಎಸೆಯಿರಿ. ಮೇಲೆತ್ತಿದ ಮೇಲೆ ನೀರು ಕಕ್ಕಿಸಲು ಹೊಟ್ಟೆ ಒತ್ತುವುದು, ತಲೆಕೆಳಗು ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು 2 ಸಲ ಉಸಿರು ಕೊಟ್ಟು, ಎದೆಯ ನಡುವೆ 30 ಸಲ ಒತ್ತಿ. ಸಹಾಯ ಬರುವವರೆಗೂ ಇದನ್ನೇ ಮುಂದುವರಿಸಿ. ಕಾಡಿನಲ್ಲಿ ನೆಟ್‌ವರ್ಕ್ ಸಿಗದಿರಬಹುದು, 112ಕ್ಕೆ ಕರೆ ಮಾಡಲು ಎಲ್ಲಿ ಸಿಗ್ನಲ್ ಬರುತ್ತದೆಂದು ಬೆಳಿಗ್ಗೆಯೇ ಗೈಡ್‌ನಿಂದ ತಿಳಿದಿಟ್ಟುಕೊಳ್ಳಿ.

ಇನ್ನು ಮೀನಿನ ಬಗ್ಗೆ, ಚುಟುಕಾಗಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಕೊಂಡು ಹೋಗಿ. ರಾಗಿ ಉಂಡೆ ಸಾಕು. ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಿ, ಕಿವಿರು ಹಿಡಿದು ನೇತಾಡಿಸಬೇಡಿ, ಫೋಟೊ ನೀರಿನಲ್ಲೇ ಆಗಲಿ. ಹೊಳೆಗೆ ಎದುರಾಗಿ ಹಿಡಿದು, ತಾನಾಗಿ ಬಾಲ ಬಡಿಯುವವರೆಗೆ ಕಾದು ಬಿಡಿ.