ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ

ಬೆಳೆಯ ವಿಚಾರ ಬರೆಯಬೇಕಾದವರು ಒಲೆಯ ವಿಚಾರಕ್ಕೆ ಕೈಹಾಕಿದ್ದಾರಲ್ಲ ಎಂದು ರೈತ ಬಾಂಧವರು ನಗಬಹುದು. ಕಾರಣವಿದೆ. ಕ್ಷೇತ್ರ ಭೇಟಿಗೆ ಹೋದ ಒಂದು ಮನೆಯಲ್ಲಿ, ಸೌದೆ ಒಲೆಯ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿರುವಾಗಲೇ ಎರಡು ಮಾರು ದೂರದಲ್ಲಿ ಸಿಲಿಂಡರ್ ಬದಲಾಯಿಸುವುದನ್ನು ಕಂಡೆ. ಅಂದು ಏನೂ ಆಗಲಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನೇಕ ಹಳ್ಳಿಮನೆಗಳಲ್ಲಿ ಎರಡೂ ಬಗೆಯ ಒಲೆ ಒಂದೇ ಸೂರಿನಡಿ ಉರಿಯುತ್ತಿವೆ. ಅಪಾಯವಿರುವುದು ಇಲ್ಲಿಯೇ.

ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಹೊಗೆಯಂತೆ ಮೇಲೇರದೆ, ನೀರಿನಂತೆ ನೆಲದ ಮೇಲೆ ಹರಿದು ಮೂಲೆ, ತಗ್ಗುಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡ 2ರಷ್ಟು ಬೆರೆತರೆ ಸಾಕು, ಬಚ್ಚಲೊಲೆಯ ಒಂದು ಕಿಡಿ ಅದನ್ನು ಹೊತ್ತಿಸಬಲ್ಲದು. ಗೋಬರ್ ಗ್ಯಾಸ್ ಹಾಗಲ್ಲ, ಅದು ಗಾಳಿಗಿಂತ ತುಸು ಹಗುರ. (ಒಂದರ ಒಲೆಯನ್ನು ಇನ್ನೊಂದಕ್ಕೆ ಜೋಡಿಸಬೇಡಿ, ಅನಿಲ ಬರುವ ರಂಧ್ರದ ಅಳತೆಯೇ ಬೇರೆ.)

ಆದ್ದರಿಂದ ಸಿಲಿಂಡರ್ ಮುಟ್ಟುವ ಮೊದಲು ಸೌದೆ ಒಲೆ, ದೇವರ ದೀಪ, ಊದುಬತ್ತಿ ಎಲ್ಲವನ್ನೂ ಆರಿಸಿ. ಬಾಗಿಲು, ಕಿಟಕಿ ತೆರೆಯಿರಿ. ಒಲೆಯ ತಿರುಪು, ರೆಗ್ಯುಲೇಟರಿನ ಗುಂಡಿ ಎರಡನ್ನೂ ಬಂದ್ ಮಾಡಿ. ರೆಗ್ಯುಲೇಟರಿನ ಕೆಳಗಿರುವ ಪ್ಲಾಸ್ಟಿಕ್ ಬಳೆಯನ್ನು ಎರಡು ಬೆರಳುಗಳಿಂದ ಮೇಲಕ್ಕೆತ್ತಿದರೆ ಅದು ಸಲೀಸಾಗಿ ಬಿಟ್ಟುಬರುತ್ತದೆ. ಖಾಲಿ ಸಿಲಿಂಡರಿಗೂ ಕೂಡಲೇ ಮುಚ್ಚಳ ಹಾಕಿ. ಒಲೆ ಉರಿಯದಿದ್ದರೂ ಅದರಲ್ಲಿ ಕೊಂಚ ಅನಿಲ ಉಳಿದೇ ಇರುತ್ತದೆ.

ಹೊಸ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ. ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಮುಚ್ಚಳ ತೆಗೆದು ಕವಾಟದೊಳಗೆ ರಬ್ಬರ್ ಉಂಗುರವಿದೆಯೇ ನೋಡಿ. ಇಲ್ಲದಿದ್ದರೆ ಮತ್ತೆ ಮುಚ್ಚಳ ಹಾಕಿ ವಿತರಕರಿಗೆ ಹಿಂದಿರುಗಿಸಿ. ಗುಂಡಿ ಬಂದ್ ಆಗಿರುವಂತೆಯೇ, ಬಳೆಯನ್ನು ಎತ್ತಿ ಹಿಡಿದು ರೆಗ್ಯುಲೇಟರನ್ನು ಕವಾಟದ ಮೇಲಿಟ್ಟು ತುಸು ತಿರುಗಿಸುತ್ತ ಒತ್ತಿ, ಬಳೆ ಬಿಡಿ. 'ಟಕ್' ಎಂದು ಕೂರಬೇಕು. ಮೆಲ್ಲನೆ ಎಳೆದು ನೋಡಿದರೆ ಬಿಟ್ಟುಬರಬಾರದು.

ಆಮೇಲೆ ಗುಂಡಿ ತೆರೆದು, ಜೋಡಣೆಯ ಕಡೆಗಳಲ್ಲಿ ಸಾಬೂನಿನ ನೊರೆ ಸವರಿ. ಗುಳ್ಳೆ ಎದ್ದರೆ ಸೋರಿಕೆಯಿದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆಯೇ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಧೈರ್ಯವಂತರೂ ಇದ್ದಾರೆ, ಅವರನ್ನು ಅನುಸರಿಸಬೇಡಿ. ರಬ್ಬರ್ ಕೊಳವೆಯನ್ನು ಉದ್ದಕ್ಕೂ ನೋಡಿ. ಕಾಳು ಕೂಡಿಟ್ಟ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಅದು ಕೊಳವೆಯನ್ನೂ ಕಡಿಯುತ್ತದೆ. ಸರಿಯಾಗಿ ಕಂಡರೂ 5 ವರ್ಷಕ್ಕೊಮ್ಮೆ ಕೊಳವೆ ಬದಲಾಗಬೇಕು.

ಕೆಟ್ಟ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಳಚಿ, ಮುಚ್ಚಳ ಹಾಕಿ. ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಹಾರುತ್ತದೆ. ಮಕ್ಕಳು, ಹಿರಿಯರನ್ನು ಹೊರಗೆ ಕಳುಹಿಸಿ, ಸಿಲಿಂಡರನ್ನು ಬಯಲಿಗೆ ಸಾಗಿಸಿ 1906ಕ್ಕೆ ಕರೆ ಮಾಡಿ. ಆ ಕರೆಯನ್ನೂ ಅಂಗಳಕ್ಕೆ ಬಂದ ಮೇಲೆಯೇ ಮಾಡಿ.